ಡೆಡ್‌ಲೈನ್ ಮುಂದೂಡೋಕೆ ಆಗದ ಪ್ರಾಜೆಕ್ಟ್: ಒಡಿಶಾ ಮತ್ತು ಚಂಡಮಾರುತ

ಇವತ್ತು ಎರಡು ದಿನಾಂಕಗಳನ್ನ ಮುಂದಿಟ್ಕೊಂಡು ಶುರು ಮಾಡೋಣ. ಒಂದು 1999ರ ಅಕ್ಟೋಬರ್ 29. ಇನ್ನೊಂದು 2013ರ ಅಕ್ಟೋಬರ್ 12. ಎರಡೂ ದಿನ ಬಂಗಾಳ ಕೊಲ್ಲಿಯಲ್ಲಿ ಎದ್ದ ಭಾರೀ ಚಂಡಮಾರುತ ಒಡಿಶಾ ಕರಾವಳಿಗೆ ಬಂದು ಅಪ್ಪಳಿಸಿತು. ಮೊದಲನೆಯದರಲ್ಲಿ ಸರ್ಕಾರಿ ಲೆಕ್ಕದಲ್ಲೇ ಸತ್ತವರು ಹತ್ತಿರ ಹತ್ತಿರ 10,000 ಜನ. ಎರಡನೆಯದು ಫೈಲಿನ್. ಅದರಲ್ಲಿ, ಆಮೇಲೆ ಬಂದ ಪ್ರವಾಹವನ್ನೂ ಸೇರಿಸಿಕೊಂಡ್ರೆ, ಒಡಿಶಾದಲ್ಲಿ ಸತ್ತವರು 50ಕ್ಕಿಂತ ಕಡಿಮೆ.

ಎರಡೂ ಒಂದೇ ತೂಕದ ಚಂಡಮಾರುತಗಳಾಗಿರಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. 1999ರದ್ದು ಸೂಪರ್ ಸೈಕ್ಲೋನ್, ಗಾಳಿಯ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಫೈಲಿನ್ ವೇಗ 200ರ ಮೇಲಿತ್ತು. ಆದ್ರೆ 10,000ಕ್ಕೂ 50ಕ್ಕೂ ಇರೋ ಅಂತರಕ್ಕೆ ಗಾಳಿಯ ವೇಗವೊಂದೇ ಕಾರಣ ಅಂದ್ರೆ ಲೆಕ್ಕ ತಾಳೆ ಆಗಲ್ಲ. ಮಧ್ಯದ 14 ವರ್ಷಗಳಲ್ಲಿ ಏನೋ ನಡೆದಿದೆ. ಆ ‘ಏನೋ’ ಬಹಳ ಬೋರಿಂಗ್ ಆಗಿ ಕೇಳಿಸೋ ವಿಷಯ: ಪಟ್ಟಿ ಮಾಡೋದು, ಯಾರಿಗೆ ಯಾವ ಕೆಲಸ ಅಂತ ಬರೆದಿಡೋದು, ಯಾವ ಕೆಲಸ ಯಾವಾಗ ಮುಗೀಬೇಕು ಅಂತ ಹಿಂದಿನಿಂದ ಲೆಕ್ಕ ಹಾಕೋದು. ಆಫೀಸಲ್ಲಿ ಇದನ್ನೇ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅಂತಾರೆ.

ಮೊದಲು 1999ಕ್ಕೆ ಹೋಗೋಣ. ಆ ತಿಂಗಳ 17ರ ಸುಮಾರಿಗೆ ಗೋಪಾಲ್‌ಪುರದ ಕಡೆ, ಅಂದ್ರೆ ಗಂಜಾಂ ಜಿಲ್ಲೆಯಲ್ಲಿ, ಆಗಲೇ ಒಂದು ಚಂಡಮಾರುತ ಬಂದು ಹೋಗಿತ್ತು. ಆ ಗಾಯ ಇನ್ನೂ ಹಸಿಯಾಗಿರುವಾಗ್ಲೇ ಎರಡನೆಯದು ಪಾರಾದೀಪ್ ಹತ್ತಿರ ನೆಲಕ್ಕೆ ಬಂತು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಅನ್ನೋ ಬ್ಲಾಕ್‌ನಲ್ಲಿ ಸಮುದ್ರದ ನೀರು 5–6 ಮೀಟರ್ ಎತ್ತರಕ್ಕೆ ಎದ್ದು ಹಳ್ಳಿಗಳೊಳಗೆ ನುಗ್ಗಿತು. ಅಷ್ಟು ಎತ್ತರ ಅಂದ್ರೆ ಎರಡಂತಸ್ತಿನ ಮನೆ. ಅಲ್ಲಿದ್ದದ್ದು ಹೆಚ್ಚಾಗಿ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಸತ್ತವರಲ್ಲಿ ಬಹುಪಾಲು ಜನ ಈ ಒಂದು ಜಿಲ್ಲೆಯವರು.

ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿರಲಿಲ್ಲ ಅಂತಲ್ಲ, ಕೊಟ್ಟಿತ್ತು. ರೇಡಿಯೋದಲ್ಲೂ ಬಂದಿತ್ತು. ಆದ್ರೆ ಎಚ್ಚರಿಕೆ ಕೇಳಿದ ಮನುಷ್ಯ ಮುಂದೆ ಏನ್ ಮಾಡ್ಬೇಕು? ಎಲ್ಲಿಗೆ ಹೋಗ್ಬೇಕು? ಆ ಉದ್ದನೆಯ ಕರಾವಳಿಯಲ್ಲಿ ಆಗ ಗಟ್ಟಿಯಾದ ಸೈಕ್ಲೋನ್ ಶೆಲ್ಟರ್‌ಗಳು ಕೆಲವೇ ಕೆಲವು ಇದ್ವು, ಅವೂ ರೆಡ್‌ಕ್ರಾಸ್ ಕಟ್ಟಿಸಿದ್ದು. ಗಾಳಿ ಶುರುವಾದ ಮೇಲೆ ಫೋನ್ ಲೈನ್ ಹೋಯ್ತು, ರಸ್ತೆ ಹೋಯ್ತು, ಕರೆಂಟ್ ಹೋಯ್ತು. ರಾಜಧಾನಿ ಭುವನೇಶ್ವರಕ್ಕೇ ತನ್ನ ಜಿಲ್ಲೆಗಳ ಜೊತೆ ಸಂಪರ್ಕ ಇರಲಿಲ್ಲ. ಹ್ಯಾಮ್ ರೇಡಿಯೋ ಹವ್ಯಾಸಿಗಳು ಸುದ್ದಿ ತಲುಪಿಸಬೇಕಾದ ಪರಿಸ್ಥಿತಿ.

ಕಾಮರ್ಸ್ ಓದಿದವರಿಗೆ ‘ಪರ್ಟ್’, ‘ಕ್ರಿಟಿಕಲ್ ಪಾತ್’ ಅನ್ನೋ ಹೆಸರುಗಳು ನೆನಪಿರಬಹುದು. ಪರೀಕ್ಷೆಗೆ ಹಿಂದಿನ ರಾತ್ರಿ ಉರು ಹೊಡೆದ ಆ ಬಾಣದ ಗುರುತಿನ ಚಿತ್ರಗಳು. 1958ರ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಪರ್ಟ್ ರೂಪಿಸಿತು. ತಿರುಳು ಇಷ್ಟೇ: ದೊಡ್ಡ ಕೆಲಸವನ್ನ ಚೂರು ಚೂರು ಮಾಡಿ, ಯಾವ ಚೂರು ಯಾವುದಕ್ಕೆ ಕಾಯ್ಬೇಕು ಅಂತ ನೋಡಿ, ತಡವಾದ್ರೆ ಇಡೀ ಪ್ರಾಜೆಕ್ಟನ್ನೇ ತಡ ಮಾಡೋ ಕೆಲಸಗಳ ಸಾಲು ಯಾವುದು ಅಂತ ಗುರುತಿಸು. ಆ ಸಾಲೇ ಕ್ರಿಟಿಕಲ್ ಪಾತ್.

ಈ ಕಣ್ಣಿಂದ ಎರಸಮಾ ನೋಡಿ. ಹವಾಮಾನದ ಮುನ್ಸೂಚನೆ ಮೊದಲ ಚೂರು, ಅದು ಆಗಿತ್ತು. ಕೊನೆಯ ಚೂರು, ಒಬ್ಬ ಅಜ್ಜಿ ಗಟ್ಟಿ ಛಾವಣಿಯ ಕೆಳಗೆ ಹೋಗಿ ಕೂತ್ಕೊಳ್ಳೋದು. ಮಧ್ಯದಲ್ಲಿ ಹತ್ತು ಹನ್ನೆರಡು ಕೆಲಸ ಇದಾವೆ. ಆ ಕೆಲಸಗಳಿಗೆ ಮಾಲೀಕರೇ ಇರಲಿಲ್ಲ.

1999ರ ಡಿಸೆಂಬರ್‌ನಲ್ಲೇ ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗೆ ಪ್ರತ್ಯೇಕ ಪ್ರಾಧಿಕಾರ ಕಟ್ಟಿತು. ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂದಿದ್ದು 2005ರಲ್ಲಿ, ನೆನಪಿರಲಿ. ಆಮೇಲೆ ನಿಧಾನವಾಗಿ ಕೆಲಸ ನಡೀತು. ಐಐಟಿ ಖರಗ್‌ಪುರದ ನೆರವಿನಿಂದ ಜಾಗ ಗುರುತಿಸಿ ಶೆಲ್ಟರ್‌ಗಳ ವಿನ್ಯಾಸ ಮಾಡಿದ್ರು. ಕಂಬಗಳ ಮೇಲೆ ಎತ್ತರಕ್ಕೆ ನಿಂತ ಕಾಂಕ್ರೀಟ್ ಕಟ್ಟಡಗಳು, ಕೆಳಗಿಂದ ನೀರು ಹರಿದು ಹೋಗೋ ಹಾಗೆ. ಅವುಗಳಲ್ಲಿ ಎಷ್ಟೋ ಕಟ್ಟಡಗಳಲ್ಲಿ ಮಾಮೂಲಿ ದಿನ ಶಾಲೆ ನಡೆಯುತ್ತೆ. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ವಿಷಯ ಇದು. ವರ್ಷಕ್ಕೊಮ್ಮೆ ಬಾಗಿಲು ತೆಗೆಯೋ ಸರ್ಕಾರಿ ಕಟ್ಟಡದ ಗತಿ ನಮಗೆಲ್ಲ ಗೊತ್ತು: ಬೀಗ ತುಕ್ಕು ಹಿಡಿದಿರುತ್ತೆ, ಕೀ ಯಾರ ಹತ್ರ ಇದೆ ಅನ್ನೋದೇ ಗೊತ್ತಿರಲ್ಲ. ದಿನಾ ಮಕ್ಕಳು ಓಡಾಡೋ ಕಟ್ಟಡಕ್ಕೆ ಆ ಗತಿ ಬರೋದು ಕಷ್ಟ. ಜೊತೆಗೆ ದಾರಿ ಎಲ್ಲರಿಗೂ ಗೊತ್ತಿರುತ್ತೆ. ಊರಿನವರದ್ದೇ ಸಮಿತಿ, ಊರಿನ ಯುವಕ ಯುವತಿಯರಿಗೆ ಪ್ರಥಮ ಚಿಕಿತ್ಸೆ, ರಕ್ಷಣಾ ಕೆಲಸದ ತರಬೇತಿ, ಕಾಲಕಾಲಕ್ಕೆ ಅಣಕು ಕಾರ್ಯಾಚರಣೆ.

ಈಗ 2013ರ ಫೈಲಿನ್. ಅಕ್ಟೋಬರ್ 8ರಂದು ವಾಯುಭಾರ ಕುಸಿತ, 12ರ ರಾತ್ರಿ ಗೋಪಾಲ್‌ಪುರದ ಹತ್ತಿರ ಲ್ಯಾಂಡ್‌ಫಾಲ್. ನಾಲ್ಕೈದು ದಿನ. ಆಫೀಸಿನಲ್ಲಾದ್ರೆ ‘ಕ್ಲೈಂಟ್ ಹತ್ರ ಒಂದು ವಾರ ಟೈಮ್ ಕೇಳೋಣ’ ಅನ್ನಬಹುದು. ಇಲ್ಲಿ ಕ್ಲೈಂಟ್ ಬಂಗಾಳ ಕೊಲ್ಲಿ. ಅದೂ ಅಲ್ಲದೆ ನಿಜವಾದ ಡೆಡ್‌ಲೈನ್ ಲ್ಯಾಂಡ್‌ಫಾಲ್‌ಗಿಂತ ತುಂಬಾ ಮುಂಚೆಯೇ ಇದೆ. ಗಾಳಿ ಜೋರಾದ ಮೇಲೆ ಬಸ್ ಓಡಲ್ಲ, ಮರ ಬಿದ್ದ ಮೇಲೆ ರಸ್ತೆ ಇರಲ್ಲ. ಹಾಗಾಗಿ ಹಿಂದಿನಿಂದ ಎಣಿಸ್ಕೊಂಡು ಬರ್ಬೇಕು: ಜನ ಶೆಲ್ಟರ್ ಸೇರಬೇಕಾದ್ದು ಇಷ್ಟು ಗಂಟೆಗೆ, ಹಾಗಾದ್ರೆ ವಾಹನ ಹೊರಡಬೇಕಾದ್ದು ಇಷ್ಟಕ್ಕೆ, ಮನೆ ಮನೆಗೆ ಹೋಗಿ ಹೇಳೋದು ಅದಕ್ಕೂ ಹಿಂದಿನ ದಿನ, ಅಕ್ಕಿ ಬೇಳೆ ತಲುಪಿರಬೇಕಾದ್ದು ಅದಕ್ಕೂ ಮುಂಚೆ. ದಸರಾ ಸಮಯ ಬೇರೆ. ಸರ್ಕಾರಿ ನೌಕರರ ರಜೆ ರದ್ದು ಮಾಡಿದ್ರು. ಹತ್ತಿರ ಹತ್ತಿರ 10 ಲಕ್ಷ ಜನರನ್ನ ಸ್ಥಳಾಂತರ ಮಾಡಿದ್ರು.

ಇದರಲ್ಲಿ ಕ್ರಿಟಿಕಲ್ ಪಾತ್ ಯಾವುದು ಗೊತ್ತಾ? ಬಸ್ಸೂ ಅಲ್ಲ, ಅಕ್ಕಿಯೂ ಅಲ್ಲ. ಜನರನ್ನ ಒಪ್ಪಿಸೋದು. ಮನೆ ಬಿಟ್ಟು ಹೋದ್ರೆ ಕಳ್ಳತನ ಆಗುತ್ತೆ, ಹಸು ಯಾರು ನೋಡ್ಕೋತಾರೆ, ಹೋದ ಸಲವೂ ಹೀಗೇ ಹೇಳಿದ್ರಿ ಏನೂ ಆಗ್ಲಿಲ್ಲ. ಈ ಮಾತಿಗೆ ದೂರದಿಂದ ಬಂದ ಅಧಿಕಾರಿಗಿಂತ ಊರಿನ ಹುಡುಗನೇ ಉತ್ತರ ಕೊಡಬೇಕು. ಆ ಹುಡುಗನಿಗೆ ತರಬೇತಿ ಕೊಟ್ಟಿದ್ದು ಎಷ್ಟೋ ವರ್ಷ ಮುಂಚೆ. ಕೆಲವು ಕಡೆ ಮಾತಿಗೆ ಜಗ್ಗದವರನ್ನ ಪೊಲೀಸರು ಬಲವಂತವಾಗಿ ಕರ್ಕೊಂಡು ಹೋಗಬೇಕಾಯ್ತು ಅನ್ನೋದೂ ನಿಜ.

ಇಲ್ಲಿ ಸ್ವಲ್ಪ ಕ್ಯಾಲಿಫೋರ್ನಿಯಾಗೆ ಹೋಗಿ ಬರೋಣ, ಯಾಕಂದ್ರೆ ‘ಯಾರು ಯಾರಿಗೆ ರಿಪೋರ್ಟ್ ಮಾಡ್ಬೇಕು’ ಅನ್ನೋ ಪ್ರಶ್ನೆಗೆ ಉತ್ತರ ಅಲ್ಲಿಂದ ಬಂದಿದ್ದು. 1970ರಲ್ಲಿ ಅಲ್ಲಿ 13 ದಿನ ಕಾಡ್ಗಿಚ್ಚು ಉರಿದು 16 ಜನ ಸತ್ರು. ಆಮೇಲೆ ಗೊತ್ತಾಗಿದ್ದು, ಬೆಂಕಿ ಆರಿಸೋಕೆ ಬಂದ ಬೇರೆ ಬೇರೆ ಇಲಾಖೆಗಳ ರೇಡಿಯೋ ಬೇರೆ, ಪದಗಳ ಅರ್ಥ ಬೇರೆ, ಬಾಸ್ ಬೇರೆ. ಅದರಿಂದ ಹುಟ್ಟಿದ್ದೇ ‘ಇನ್ಸಿಡೆಂಟ್ ಕಮಾಂಡ್ ಸಿಸ್ಟಮ್’. ಒಬ್ಬರಿಗೆ ಒಬ್ಬರೇ ಬಾಸ್, ಒಬ್ಬ ಬಾಸ್ ಕೆಳಗೆ ಮೂರರಿಂದ ಏಳು ಜನ, ಎಲ್ಲರಿಗೂ ಒಂದೇ ಪರಿಭಾಷೆ. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದನ್ನೇ ನಮ್ಮ ಜಿಲ್ಲಾಡಳಿತಕ್ಕೆ ಹೊಂದಿಸಿ ಮಾರ್ಗಸೂಚಿ ಹೊರಡಿಸಿತು.

ಸರಿ, ವಾಪಸ್ ಒಡಿಶಾಗೆ. 2019ರ ಮೇ 3, ಫೋನಿ ಚಂಡಮಾರುತ, ಪುರಿ. ಈ ಸಲ 12 ಲಕ್ಷಕ್ಕೂ ಹೆಚ್ಚು ಜನರ ಸ್ಥಳಾಂತರ. 43,000 ಸ್ವಯಂಸೇವಕರು, 26 ಲಕ್ಷ ಮೊಬೈಲ್ ಮೆಸೇಜ್. 2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ಬಂದಾಗ 4,000ಕ್ಕೂ ಹೆಚ್ಚು ಗರ್ಭಿಣಿಯರನ್ನ ಮೊದಲೇ ಆಸ್ಪತ್ರೆ, ಆರೋಗ್ಯ ಕೇಂದ್ರಗಳಿಗೆ ಸೇರಿಸಿದ್ರು. ಒಂದು ನಿಮಿಷ ಯೋಚನೆ ಮಾಡಿ: ಯಾವ ಹಳ್ಳಿಯ ಯಾವ ಮನೆಯಲ್ಲಿ ಯಾರಿಗೆ ದಿನ ತುಂಬಿದೆ ಅನ್ನೋ ಪಟ್ಟಿ ಚಂಡಮಾರುತ ಹುಟ್ಟಿದ ಮೇಲೆ ಮಾಡೋಕಾಗುತ್ತಾ?

ಆದ್ರೆ ಫೋನಿಯಲ್ಲಿ ಒಡಿಶಾದಲ್ಲಿ 64 ಜನ ಸತ್ರು, ಅರ್ಧಕ್ಕಿಂತ ಹೆಚ್ಚು ಪುರಿ ಜಿಲ್ಲೆಯಲ್ಲಿ. ಗೋಡೆ ಕುಸಿದು, ಮರ ಬಿದ್ದು ಹೋದ ಜೀವಗಳು ಬಹಳ. ಲಕ್ಷಕ್ಕೂ ಹೆಚ್ಚು ವಿದ್ಯುತ್ ಕಂಬ ನೆಲಕ್ಕುರುಳಿದ್ವು. ಮೇ ತಿಂಗಳ ಸೆಖೆಯಲ್ಲಿ ಭುವನೇಶ್ವರದ ಎಷ್ಟೋ ಬಡಾವಣೆಗಳು ದಿನಗಟ್ಟಲೆ, ಪುರಿಯ ಹಳ್ಳಿಗಳು ವಾರಗಟ್ಟಲೆ ಕತ್ತಲಲ್ಲಿ ಕೂತ್ವು. ಕರೆಂಟ್ ಇಲ್ಲ ಅಂದ್ರೆ ನೀರಿನ ಪಂಪ್ ಇಲ್ಲ, ಮೊಬೈಲ್ ಟವರ್ ಇಲ್ಲ, ಎಟಿಎಂ ಇಲ್ಲ. ಮೇ 5ಕ್ಕೆ ಇದ್ದ ನೀಟ್ ಪರೀಕ್ಷೆಯನ್ನ ಒಡಿಶಾದಲ್ಲಿ ಮೇ 20ಕ್ಕೆ ಹಾಕಬೇಕಾಯ್ತು.

ಇದನ್ನ ವೈಫಲ್ಯ ಅಂತ ನಾನು ಕರೆಯಲ್ಲ. ಪ್ರಾಜೆಕ್ಟ್‌ನ ಭಾಷೆಯಲ್ಲಿ ಇದಕ್ಕೆ ‘ಸ್ಕೋಪ್’ ಅಂತಾರೆ. ಒಡಿಶಾ ತನ್ನ ಗುರಿಯನ್ನ ‘ಯಾರೂ ಸಾಯಬಾರದು’ ಅಂತ ಒಂದೇ ಸಾಲಿನಲ್ಲಿ ಬರ್ಕೊಂಡಿತ್ತು. ಟೈಮ್ ಕಮ್ಮಿ ಇದ್ದಾಗ ಸ್ಕೋಪ್ ಹೀಗೆ ಕತ್ತರಿಸಲೇಬೇಕು, ಅದು ಸರಿಯಾದ ನಿರ್ಧಾರ ಅಂತಲೇ ನನಗನ್ಸುತ್ತೆ. ಆದ್ರೆ ಆ ಸಾಲಿನ ಹೊರಗೆ ಉಳಿದಿದ್ದು ಏನು ಅಂತ ನೋಡಿ: ಕಂಬ, ದೋಣಿ, ವೀಳ್ಯದೆಲೆ ತೋಟ, ತೆಂಗಿನ ಮರ. ಶೆಲ್ಟರ್‌ನಿಂದ ಜೀವ ಉಳಿಸ್ಕೊಂಡು ಮನೆಗೆ ಬಂದವನಿಗೆ ಮಾಡು ಇರಲಿಲ್ಲ. ಹೊಸ ತೆಂಗಿನ ಸಸಿ ಫಲ ಕೊಡೋಕೆ ಐದಾರು ವರ್ಷವಾದ್ರೂ ಬೇಕು. ಅಷ್ಟರಲ್ಲಿ, 2024ರಲ್ಲಿ, ದಾನಾ ಕೂಡ ಬಂದು ಹೋಗಿತ್ತು.