ಮೇಡ್ಲೇರಿಯಿಂದ ಕುಸನೂರಿಗೆ

ರಾಣೆಬೆನ್ನೂರಿಗೆ ಮೇಯರ್ ಇಲ್ಲ. ಮೇಯರ್ ಇರುವುದು ನೆರೆಯ ದಾವಣಗೆರೆಗೆ, ಆಚೆಗೆ ಹುಬ್ಬಳ್ಳಿ-ಧಾರವಾಡಕ್ಕೆ, ಅದೂ ವರ್ಷಕ್ಕೊಬ್ಬರು. ನಮ್ಮದು ನಗರಸಭೆ. ಅಧ್ಯಕ್ಷರ ಅವಧಿ 30 ತಿಂಗಳು. ಮೀಸಲಾತಿ ಪಟ್ಟಿಯ ತಕರಾರು ಕೋರ್ಟು ಹತ್ತಿದರೆ ಆರಿಸಿ ಬಂದ ಸದಸ್ಯರು ಅಧ್ಯಕ್ಷರಿಲ್ಲದೆ ವರ್ಷಗಟ್ಟಲೆ ಕಾಯ್ದದ್ದನ್ನು ರಾಜ್ಯದ ಎಷ್ಟೋ ಊರುಗಳು ಕಂಡಿವೆ. ಅಷ್ಟು ಸಣ್ಣ ಅವಧಿಯಲ್ಲಿ ಒಬ್ಬ ಒಳ್ಳೆಯ ಅಧ್ಯಕ್ಷ ನೀರಿನ ಪೈಪು ಹಾಕಿಸಬಹುದು, ಗಟಾರ ಕಟ್ಟಿಸಬಹುದು. ಅದು ಸಣ್ಣ ಕೆಲಸವೆಂದು ನಾನು ಎಂದೂ ಅನ್ನಲಾರೆ. ಆದರೆ ಸೇವಾ ಸಂಸ್ಥೆಯಲ್ಲಿ ಪಳಗಿದವರು ಸಾರ್ವಜನಿಕ ಜೀವನಕ್ಕೆ ಇಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆಯಲ್ಲಿ ನೋಡಬೇಕೆಂದರೆ, ನಗರಸಭೆಯ ಮೆಟ್ಟಿಲು ಬಿಟ್ಟು ತುಂಗಭದ್ರೆಯ ದಂಡೆಗೆ ಹೋಗಬೇಕು.

ಈ ಭಾಗದಲ್ಲಿ ಅಂಥವರ ಸಾಲು ಹಳೆಯದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹದಿಹರೆಯದಲ್ಲೇ 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಕನ್ನಡಿಗ. ಊರಿಗೆ ಮರಳಿದ ಮೇಲೆ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಖಾದಿ ಕೆಲಸ ಮಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕಂದಾಯದ ಹಣ ಇಟ್ಟಿದ್ದ ದೇವಸ್ಥಾನದ ಮೇಲಿನ ದಾಳಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೊಂದಿಗೆ ಗುಂಡಿಗೆ ಬಲಿಯಾದರು. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಅವರದೇ ಹೆಸರು. ಅದೇ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವರು ಖಾದಿ, ಗ್ರಾಮಸೇವೆಯ ದಾರಿಯಿಂದಲೇ ಬಂದು ವಿಧಾನ ಪರಿಷತ್ತಿನ ಸಭಾಪತಿಯಾದರು. ಒಬ್ಬರು ಹುತಾತ್ಮರಾದರು, ಇನ್ನೊಬ್ಬರು ಪೀಠವೇರಿದರು. ನಾನು ಬರೆಯಬೇಕೆಂದಿರುವುದು ಇವೆರಡೂ ಅಲ್ಲದ ಮೂರನೆಯ ಹಾದಿ ಹಿಡಿದವರ ಬಗ್ಗೆ.

1979ರಲ್ಲಿ ಎಸ್. ಆರ್. ಹಿರೇಮಠ ಅಮೆರಿಕ ಬಿಟ್ಟು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಗೆ ಬಂದರು. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಷಿಕಾಗೊದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದವರು. ಜೊತೆಗೆ ಬಂದವರು ಅಮೆರಿಕದಲ್ಲೇ ಹುಟ್ಟಿ ಬೆಳೆದ ಅವರ ಹೆಂಡತಿ ಮೇವಿಸ್. ನಮ್ಮ ಕಡೆಯ ಜನಕ್ಕೆ ಅವರು ಶ್ಯಾಮಲಾ ಹಿರೇಮಠ. ಷಿಕಾಗೊದಲ್ಲಿದ್ದ ಭಾರತೀಯರು 1974ರಲ್ಲಿ ಇಂಡಿಯಾ ಡೆವಲಪ್‌ಮೆಂಟ್ ಸರ್ವೀಸ್ ಎಂಬ ಸಂಸ್ಥೆ ಕಟ್ಟಿಕೊಂಡಿದ್ದರು. ಅದರಲ್ಲಿ ಹಿರೇಮಠರೂ ಇದ್ದರು. ಅದರ ಹೆಸರಲ್ಲೇ ಮೇಡ್ಲೇರಿಯಲ್ಲಿ ಕೆಲಸ ಶುರುವಾಯಿತು.

ಮೇಡ್ಲೇರಿ ಎಂದರೆ ಕುರಿ, ಕಂಬಳಿ, ಕಪ್ಪು ನೆಲ, ಪಕ್ಕದಲ್ಲೇ ಹೊಳೆ. ಕುರಿ ಕಾಯುವವರಿಗೂ ಕೂಲಿಗೆ ಹೋಗುವವರಿಗೂ ಊರ ಸುತ್ತಲ ಹುಲ್ಲುಗಾವಲೇ ಅರ್ಧ ಬದುಕು. ಅಂಥ ಊರಲ್ಲಿ ಸಂಘ ಕಟ್ಟುವುದೆಂದರೆ ದಿನವೂ ಒಂದೇ ಮನೆಯ ಕಟ್ಟೆಯ ಮೇಲೆ ಕೂತು, ಒಂದೇ ಮಾತನ್ನು ಹತ್ತು ಸಲ ಕೇಳಿಸಿಕೊಳ್ಳುವುದು. ನಾನು ಕಂದಾಯ ಇಲಾಖೆಯಲ್ಲಿ ಗ್ರಾಮಲೆಕ್ಕಿಗನಾಗಿ ನಿವೃತ್ತನಾದವನು, ಹಳಬರ ಬಾಯಲ್ಲಿ ತಲಾಟಿ. ಹಳ್ಳಿಯವನ ಕಷ್ಟ ಒಂದು ಅರ್ಜಿಯ ರೂಪಕ್ಕೆ ಬರಬೇಕಾದರೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬಲ್ಲೆ. ಸರಕಾರಿ ನೌಕರನಿಗೆ ಆ ಹೊತ್ತು ಇರುವುದಿಲ್ಲ. ಮೇಡ್ಲೇರಿಗೆ ಬಂದವರು ಆ ಹೊತ್ತನ್ನು ಕೊಟ್ಟರು.

ಅಷ್ಟರಲ್ಲಿ ಹೊಳೆಯ ಪ್ರಶ್ನೆ ಎದ್ದು ನಿಂತಿತ್ತು. ಹರಿಹರದ ಎದುರಿನ ದಂಡೆಯಲ್ಲಿ, ನಮ್ಮ ತಾಲ್ಲೂಕಿನ ಕುಮಾರಪಟ್ಟಣದಲ್ಲಿ, 1970ರ ದಶಕದಿಂದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿ ಮರದಿಂದ ರೇಯಾನ್ ನೂಲಿಗೆ ಬೇಕಾದ ತಿರುಳನ್ನು ತಯಾರಿಸುತ್ತಿತ್ತು. ಕಾರ್ಖಾನೆಯ ನೀರು ಹೊಳೆಗೆ ಸೇರಿ ಮೀನು ಸಾಯುತ್ತಿವೆ, ದನಕ್ಕೂ ಜನಕ್ಕೂ ರೋಗ ಬರುತ್ತಿದೆ ಎಂಬುದು ಕೆಳದಂಡೆಯ ಊರುಗಳವರ ದೂರು. 1984ರಲ್ಲಿ ಧಾರವಾಡ ಕೇಂದ್ರವಾಗಿ ಹಿರೇಮಠರು ಮತ್ತು ಗೆಳೆಯರು ಸಮಾಜ ಪರಿವರ್ತನ ಸಮುದಾಯ ಕಟ್ಟಿದರು. ಹೊಳೆಯ ವಿಷಯ ಬೀದಿಗೂ ಬಂತು, ನ್ಯಾಯಾಲಯಕ್ಕೂ ಹೋಯಿತು. ಸೇವೆಯ ಕೆಲಸ ಹೋರಾಟದ ಕೆಲಸವಾದದ್ದು ಇಲ್ಲಿ. ಬೇಸಾಯ, ಕಸುಬು, ಸಾಲ ಎಂದು ಜನರೊಡನೆ ಕೂತು ಮಾತಾಡುವವರು ಅದೇ ಜನ ಕುಡಿಯುವ ನೀರಿನ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಸಾಧ್ಯವಿತ್ತು?

ಮುಂದಿನದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಯಾಕೆಂದರೆ ಅದು ಭೂಮಿಯ ಲೆಕ್ಕದ ವಿಷಯ.

ಕಂದಾಯ ಲೆಕ್ಕದಲ್ಲಿ ಸಿ ಮತ್ತು ಡಿ ವರ್ಗದ ಭೂಮಿ ಎಂದೊಂದಿದೆ. ಉಳುಮೆಗೆ ಬಾರದ್ದೆಂದು ಹಿಂದಿನಿಂದ ಬರೆದಿಟ್ಟ ನೆಲ. ಉತಾರ ತೆಗೆದು ನೋಡಿದರೆ ಮಾಲೀಕರ ಅಂಕಣದಲ್ಲಿ ಸರಕಾರ ಎಂದಿರುತ್ತದೆ, ಬೆಳೆಯ ಅಂಕಣ ಖಾಲಿ. ಕಾಗದ ನೋಡಿದವನಿಗೆ ಅದು ಬೀಳು. ಊರಿನವರಿಗೆ ಮಾತ್ರ ಅದು ದನದ ಹುಲ್ಲು, ಒಲೆಯ ಕಟ್ಟಿಗೆ, ತಿಪ್ಪೆಯ ಸೊಪ್ಪು, ನೇಗಿಲಿನ ಮರ, ಮಳೆಗಾಲದ ಔಷಧಿ ಬೇರು. ಗೇಣು ಹೊಲವಿಲ್ಲದವನು ಒಂದು ಆಡು ಸಾಕಿಕೊಳ್ಳುವುದು ಆ ಖಾಲಿ ಅಂಕಣದ ಆಸರೆಯಲ್ಲಿ. ನಮ್ಮ ಇಲಾಖೆಯ ಯಾವ ನಮೂನೆಯಲ್ಲೂ ಅದನ್ನು ಬರೆಯುವ ಜಾಗವಿಲ್ಲ.

1984ರ ನವೆಂಬರ್‌ನಲ್ಲಿ ರಾಜ್ಯ ಸರಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಮಾಡಿತು. ಸರಕಾರದ ಪಾಲು ನೂರಕ್ಕೆ 51. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆ ಸಿ-ಡಿ ಭೂಮಿಯಲ್ಲಿ ನೀಲಗಿರಿಯಂಥ ತಿರುಳಿನ ಮರ ಬೆಳೆಸುವುದು ಅದರ ಉದ್ದೇಶ. ಬೀಳು ಹಸಿರಾಗುತ್ತದೆ, ಕಾರ್ಖಾನೆಗೆ ಕಚ್ಚಾಮಾಲು ಸಿಗುತ್ತದೆ ಎಂಬ ಲೆಕ್ಕಾಚಾರ. ಆದರೆ ನೀಲಗಿರಿಯ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ, ಆಡೂ ಬಾಯಿ ಹಾಕುವುದಿಲ್ಲ. ಹಸಿರು ಹೆಚ್ಚಿದಷ್ಟೂ ಮೇವು ಇಲ್ಲವಾಗುವ ವಿಚಿತ್ರ ಅದು.

ಮೇಡ್ಲೇರಿಯಲ್ಲಿ ಕಲಿತ ಪಾಠ ಇಲ್ಲಿ ಕೆಲಸಕ್ಕೆ ಬಂತು ಎಂಬುದು ನನ್ನ ನಂಬಿಕೆ. ಮೊದಲು ಹಳ್ಳಿ ಹಳ್ಳಿಯಲ್ಲಿ ಸಹಿ, ಹೆಬ್ಬೆಟ್ಟು ಸಂಗ್ರಹ. ಆಮೇಲೆ ಕೋರ್ಟು. ಶಿವರಾಮ ಕಾರಂತರಂಥ ಹಿರಿಯರನ್ನು ಅರ್ಜಿದಾರರನ್ನಾಗಿ ಸೇರಿಸಿಕೊಂಡು ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಮಾರ್ಚ್‌ನಲ್ಲಿ ಯಥಾಸ್ಥಿತಿ ಕಾಯ್ದುಕೊಳ್ಳಬೇಕೆಂಬ ಮಧ್ಯಂತರ ಆದೇಶ ಬಂತು. ಆದರೂ ನೆಡುತೋಪಿನ ಕೆಲಸ ನಿಲ್ಲಲಿಲ್ಲವೆಂದು ಜನ ದೂರಿದರು.

ಹಾಗಾಗಿ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ನಡೆಯಿತು. ಸುಮಾರು ಎರಡು ಸಾವಿರ ಮಂದಿ ಡೊಳ್ಳು, ಹಲಗೆ ಬಾರಿಸುತ್ತ ಮೆರವಣಿಗೆಯಲ್ಲಿ ನೆಡುತೋಪಿಗೆ ಹೋದರು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಅದೇ ನೆಲದಲ್ಲಿ ಹಣ್ಣು-ಮೇವು ಕೊಡುವ ಗಿಡಗಳನ್ನು ಹಚ್ಚಿದರು. ಎರಡು ಸಾವಿರ ಮಂದಿ ಮನಸ್ಸು ಮಾಡಿದ್ದರೆ ಇಡೀ ತೋಪನ್ನು ಮಧ್ಯಾಹ್ನದೊಳಗೆ ನೆಲಕ್ಕೆ ಹಾಕಬಹುದಿತ್ತು. ಅವರು ಕೈ ಹಿಡಿತದಲ್ಲಿಟ್ಟುಕೊಂಡರು, ಕಿತ್ತಲ್ಲಿ ಮತ್ತೆ ನೆಟ್ಟರು. ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇದರಷ್ಟು ಸಂಯಮದ ಧೈರ್ಯ ಕಂಡ ದಿನ ಹೊಸರಿತ್ತಿಯ ನಂತರ ನನಗೆ ಗೊತ್ತಿಲ್ಲ. ಆಗ ಕುಸನೂರು ಧಾರವಾಡ ಜಿಲ್ಲೆಯದು. ಹಾವೇರಿ ಜಿಲ್ಲೆಯಾದದ್ದು ಅದಾಗಿ ಹತ್ತು ವರ್ಷಕ್ಕೆ, 1997ರಲ್ಲಿ. ಜಿಲ್ಲೆ ಹುಟ್ಟುವ ಮೊದಲಿನ ಘಟನೆಯೆಂದೋ ಏನೋ, ಜಿಲ್ಲೆಯ ಹೆಮ್ಮೆಗಳ ಪಟ್ಟಿಯಲ್ಲಿ ಏಲಕ್ಕಿ ಹಾರ, ಬ್ಯಾಡಗಿ ಮೆಣಸಿನಕಾಯಿ, ಕನಕದಾಸರ ಬಾಡದ ಜೊತೆಗೆ ಕುಸನೂರಿನ ಹೆಸರು ಬರುವುದಿಲ್ಲ. ಬರಬೇಕು. ಶಾಲೆಯ ಮಕ್ಕಳಿಗೆ ಆ ನೆಲವನ್ನು ತೋರಿಸಬೇಕು.

1991ರಲ್ಲಿ ಸರಕಾರ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಎಕರೆ ಲೆಕ್ಕದಲ್ಲಿ ನೋಡಿ: ಯಾವ ನಗರಸಭೆಯ ಅಧ್ಯಕ್ಷ, ಯಾವ ಶಾಸಕ ಇಷ್ಟು ಗಾಯರಾಣವನ್ನು, ದನ ಮೇಯುವ ನೆಲವನ್ನು, ಊರಿಗೆ ಉಳಿಸಿಕೊಟ್ಟಿದ್ದಾನೆ?

ಕಾರಂತರು 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತರು. ಪರಿಸರದ ಮಾತು ಮತಪೆಟ್ಟಿಗೆಯಲ್ಲಿ ಗೆಲ್ಲುವುದು ಎಷ್ಟು ಕಷ್ಟವೆಂದು ಅಂದೇ ಗೊತ್ತಾಯಿತು. ಹಿರೇಮಠರು ಶಾಸಕರಾಗಲಿಲ್ಲ, ಯಾವ ನಗರಸಭೆಯ ಅಧ್ಯಕ್ಷತೆಯನ್ನೂ ವಹಿಸಲಿಲ್ಲ. ಹಾಗೆಂದು ಕುರ್ಚಿ ಬೇಡವೆಂದು ಹೇಳಲು ನಾನು ಒಪ್ಪುವುದಿಲ್ಲ. ಹಳ್ಳಿಕೇರಿಯವರು ಕುರ್ಚಿಯಲ್ಲಿ ಕೂತೂ ಖಾದಿಯವರಾಗಿಯೇ ಉಳಿದವರು. ಊರಿನ ಕೆರೆಯ ಸರ್ವೆ ನಂಬರನ್ನು ಬಾಯಿಪಾಠ ಮಾಡಿದ, ಹೆಬ್ಬೆಟ್ಟಿನವರ ಜೊತೆ ಕೂತು ಅರ್ಜಿ ಬರೆದ ಒಬ್ಬ ಹೆಣ್ಣುಮಗಳೋ ಗಂಡುಮಗನೋ ರಾಣೆಬೆನ್ನೂರಿನ ನಗರಸಭೆಗೆ ಅಧ್ಯಕ್ಷರಾಗಿ ಬರಲಿ ಎಂಬುದು ನನ್ನ ದೊಡ್ಡ ಆಸೆ. 30 ತಿಂಗಳಾದರೂ ಸರಿಯೆ.

ಮೇಡ್ಲೇರಿಯಿಂದ ಹೊರಟ ಹಾದಿ ಮುಂದೆ ಸಂಡೂರು, ಹೊಸಪೇಟೆಯ ಕಬ್ಬಿಣದ ಬೆಟ್ಟಗಳವರೆಗೆ ಹೋಯಿತು. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿತು. 2011ರ ಜುಲೈ ಕೊನೆಗೆ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಲು ನ್ಯಾಯಾಲಯ ಆದೇಶಿಸಿತು. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ಮೂರು ಗುಂಪಾಗಿ ವಿಂಗಡಿಸಿದ್ದನ್ನು ಎತ್ತಿಹಿಡಿದು, ತೀರಾ ಹೆಚ್ಚು ಅಕ್ರಮ ನಡೆದಿದ್ದ ಸಿ ಗುಂಪಿನ ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಗಡಿ ಮೀರಿ ಅಗೆದದ್ದು ಎಷ್ಟು, ಅರಣ್ಯದೊಳಗೆ ಮಣ್ಣು ಸುರಿದದ್ದು ಎಷ್ಟು ಎಂದು ಸರ್ವೆ ಮಾಡಿಸಿ, ನಕಾಶೆ ಎದುರಿಗಿಟ್ಟುಕೊಂಡು ಬರೆದ ತೀರ್ಪು ಅದು.