ಡಿಎನ್‌ಎ ಮೊದಲು ಬಿಚ್ಚಿದ್ದು ಕೋಳ

ಕ್ರೈಮ್ ಸೀರೀಸ್‌ಗಳಲ್ಲಿ ನೋಡಿರ್ತೀರಿ, ಲ್ಯಾಬ್‌ನಿಂದ ಡಿಎನ್‌ಎ ರಿಪೋರ್ಟ್ ಬಂತು ಅಂದ್ರೆ ಮುಂದಿನ ಸೀನ್‌ನಲ್ಲೇ ಕೈಗೆ ಕೋಳ. ಆದರೆ ಕೊಲೆ ತನಿಖೆಯೊಂದಕ್ಕೆ ಡಿಎನ್‌ಎ ಮೊದಲ ಸಲ ಬಂದಾಗ ಅದು ಕೋಳ ಬಿಚ್ಚಿತು. ಇವತ್ತು ಆ ಕಥೆ.

1984ರ ಸೆಪ್ಟೆಂಬರ್ 10, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯ. ತಳಿವಿಜ್ಞಾನಿ ಅಲೆಕ್ ಜೆಫ್ರಿಸ್ ಒಂದು ಎಕ್ಸ್-ರೇ ಫಿಲ್ಮ್ ತೊಳೆದು ನೋಡ್ತಾರೆ, ಅದರಲ್ಲಿ ಬಾರ್‌ಕೋಡ್ ಥರದ ಗೆರೆಗಳು. ನಮ್ಮ ಡಿಎನ್‌ಎಯ ಬಹುಪಾಲು ಎಲ್ಲರಲ್ಲೂ ಒಂದೇ. ಆದರೆ ಕೆಲವು ಕಡೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತೆ. ಎಷ್ಟು ಸಲ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಾಗಾಗಿ ಗೆರೆಗಳೂ ಬೇರೆ ಬೇರೆ.

ಅದೇ ಲೆಸ್ಟರ್ ಪಕ್ಕದ ಹಳ್ಳಿಗಳಲ್ಲಿ 1983 ಮತ್ತು 1986ರಲ್ಲಿ 15 ವರ್ಷದ ಇಬ್ಬರು ಹುಡುಗಿಯರ ಅತ್ಯಾಚಾರ, ಕೊಲೆ ಆಗಿತ್ತು. ಪೊಲೀಸರು ಹಿಡಿದ 17ರ ಹುಡುಗ ಎರಡನೇ ಕೊಲೆ ಒಪ್ಪಿಕೊಂಡ, ಮೊದಲನೆಯದನ್ನು ಒಪ್ಪಲಿಲ್ಲ. ಎರಡೂ ಇವನದೇ ಅಂತ ತೋರಿಸಿಕೊಡಿ ಎಂದು ಪೊಲೀಸರು ಜೆಫ್ರಿಸ್ ಹತ್ತಿರ ಹೋದರು. ಉತ್ತರ ತಲೆಕೆಳಗಾಯ್ತು: ಎರಡೂ ಕಡೆ ಸಿಕ್ಕ ವೀರ್ಯ ಒಬ್ಬನದೇ, ಆದರೆ ಈ ಹುಡುಗನದಲ್ಲ! ಬಿ.ಕಾಂ ಓದಿದ ನನ್ನ ಭಾಷೇಲಿ ಹೇಳೋದಾದ್ರೆ, ವೋಚರ್‌ಗೆ ಸಹಿ ಬಿದ್ದಿತ್ತು, ಲೆಕ್ಕ ಮಾತ್ರ ಟ್ಯಾಲಿ ಆಗಲಿಲ್ಲ. ಡಿಎನ್‌ಎ ಇಲ್ಲದಿದ್ದರೆ ಅವನಿಗೆ ಶಿಕ್ಷೆ ಆಗೇ ಆಗ್ತಿತ್ತು ಅಂತ ಜೆಫ್ರಿಸ್ ಆಮೇಲೆ ಹೇಳಿದ್ದಾರೆ.

1987ರಲ್ಲಿ ಸುತ್ತಲಿನ ಸುಮಾರು 5,000 ಗಂಡಸರ ಸ್ಯಾಂಪಲ್ ತಗೊಂಡ್ರು. ಒಂದೂ ಹೊಂದಲಿಲ್ಲ. ಯಾಕೆ ಗೊತ್ತಾ? ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಪಾಸ್‌ಪೋರ್ಟ್‌ನಲ್ಲಿ ಬೇಕರಿಯ ಸಹೋದ್ಯೋಗಿಯ ಫೋಟೊ ಹಾಕಿ, ತನ್ನ ಹೆಸರಲ್ಲಿ ಅವನ ರಕ್ತ ಕೊಡಿಸಿದ್ದ. ಆ ಸಹೋದ್ಯೋಗಿ ಪಬ್‌ನಲ್ಲಿ ಕೂತು ಬಾಯಿಬಿಟ್ಟ. ಕೇಳಿಸಿಕೊಂಡ ಮಹಿಳೆಯೊಬ್ಬರು ಪೊಲೀಸರಿಗೆ ತಿಳಿಸಿದರು. ಸೆಪ್ಟೆಂಬರ್‌ನಲ್ಲಿ ಬಂಧನ. ಈಗ ಗೆರೆಗಳು ಹೊಂದಿದವು. 1988ರ ಜನವರಿಯಲ್ಲಿ ಜೀವಾವಧಿ ಶಿಕ್ಷೆ.

ನಮ್ಮಲ್ಲಿ ಹೈದರಾಬಾದಿನ ಸಿಸಿಎಂಬಿಯ ಲಾಲ್‌ಜಿ ಸಿಂಗ್ ಇಂಥದ್ದೇ ವಿಧಾನ ರೂಪಿಸಿದರು. 1989ರಲ್ಲಿ ಕೇರಳದ ಒಂದು ಪಿತೃತ್ವದ ಕೇಸಿನಲ್ಲಿ ಅದು ಕೋರ್ಟ್ ಮೆಟ್ಟಿಲೇರಿತು.

ಫೊರೆನ್ಸಿಕ್ ಕಲಿಯೋ ವಿದ್ಯಾರ್ಥಿಗಳಿಗೆ ಈ ಕೇಸಿನಲ್ಲಿ ಎರಡು ಪಾಠ ಇದೆ. ತಪ್ಪೊಪ್ಪಿಗೆ ಸಿಕ್ಕಿದ ಮಾತ್ರಕ್ಕೆ ತನಿಖೆ ಮುಗಿಯಲ್ಲ. ಹಾಗೇ, ಟ್ಯೂಬ್ ಮೇಲೆ ಬರೆದ ಹೆಸರು ಸುಳ್ಳಾದರೆ ಲ್ಯಾಬ್ ಎಷ್ಟೇ ಚೆನ್ನಾಗಿದ್ರೂ ಉತ್ತರ ಸುಳ್ಳೇ. ರಕ್ತ ಯಾರದು ಅಂತ ಡಿಎನ್‌ಎ ಹೇಳಬಹುದು. ಅದು ಅಲ್ಲಿಗೆ ಯಾವಾಗ, ಹೇಗೆ ಬಂತು ಅನ್ನೋದನ್ನ ಮನುಷ್ಯರೇ ಹುಡುಕಬೇಕು.

ಮುಂದಿನ ಕಂತಿನಲ್ಲಿ ಸಿಗೋಣ.