ಶೀಸೆಯಲ್ಲಿ ಉಳಿಯುವುದು, ಚರ್ಮಕ್ಕೆ ತಲುಪುವುದು
ಎಣ್ಣೆಯಲ್ಲಿ ಕರಗುವ ವಿಟಮಿನ್ ಸಿ: ಒಂದು ಸಮೀಕ್ಷೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರಿಗೂ ಈಗ ಮುಖಕ್ಕೆ ಹಚ್ಚುವ ವಿಟಮಿನ್ ಸಿ ಸೀರಮ್ ಕೊರಿಯರ್‌ನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಸೀಮೆ ಇದು. ಹೊಲದಲ್ಲಿ ದುಡಿಯುವವರ ಕೆನ್ನೆಯ ಮೇಲೆ ಬಂಗು ಮೂಡುವುದು ಇಲ್ಲಿ ಅಪರೂಪವಲ್ಲ. ಆದರೆ ಅದಕ್ಕೆಂದು ತರಿಸಿದ ಸೀರಮ್ ಕೂಡ ಅದೇ ಸೆಕೆಗೆ ಬಾಟಲಿಯಲ್ಲೇ ಕೆಂಪಾಗಿ ಕೆಡುತ್ತದೆ. ಎಣ್ಣೆಯಲ್ಲಿ ಕರಗುವ ವಿಟಮಿನ್ ಸಿ ಈ ತೊಂದರೆಗೆ ಪರಿಹಾರ ಎಂಬ ಮಾತು ಕೆಲವು ವರ್ಷಗಳಿಂದ ಜೋರಾಗಿದೆ. ಆ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಲು ಈ ವಸ್ತು ನಡೆದು ಬಂದ ದಾರಿಯನ್ನು ನೋಡಬೇಕು.

ಹಡಗಿನಿಂದ ಪ್ರಯೋಗಾಲಯಕ್ಕೆ

ದನ, ಆಡುಗಳ ಪಿತ್ತಜನಕಾಂಗ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮನುಷ್ಯನಿಗೆ ಆ ಶಕ್ತಿಯಿಲ್ಲ, ತಿಂದೇ ಪಡೆಯಬೇಕು. ಸಿಗದಿದ್ದರೆ ಸ್ಕರ್ವಿ ಬರುತ್ತದೆ: ವಸಡಿನಲ್ಲಿ ರಕ್ತ, ಮಾಯದ ಗಾಯ. ಕಿತ್ತಳೆ, ನಿಂಬೆ ತಿಂದ ನಾವಿಕರು ಗುಣವಾಗುವುದನ್ನು ಜೇಮ್ಸ್ ಲಿಂಡ್ 1747ರಲ್ಲಿ ತೋರಿಸಿದ. ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯೋರ್ಜಿ 1928ರಲ್ಲಿ ಆ ವಸ್ತುವನ್ನು ಬೇರ್ಪಡಿಸಿದರು. ವಾಲ್ಟರ್ ಹಾವರ್ತ್ ಅದರ ರಚನೆಯನ್ನು ಬಿಡಿಸಿದರು. 1937ರಲ್ಲಿ ಸೆಂಟ್-ಜ್ಯೋರ್ಜಿ ಅವರಿಗೆ ವೈದ್ಯಕೀಯದ, ಹಾವರ್ತ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಳೆಗಳು ಗಟ್ಟಿಯಾಗಲು ವಿಟಮಿನ್ ಸಿ ಬೇಕೇಬೇಕು. ಬಣ್ಣ ಕೊಡುವ ಮೆಲನಿನ್ ತಯಾರಿಕೆಯನ್ನು ಅದು ತಗ್ಗಿಸುತ್ತದೆ, ಬಿಸಿಲಿನಿಂದಾಗುವ ಉತ್ಕರ್ಷಣದ ಹಾನಿಯನ್ನೂ ತಡೆಯುತ್ತದೆ. ಹಾಗಾದರೆ ನೇರವಾಗಿ ಚರ್ಮಕ್ಕೇ ಹಚ್ಚಬಾರದೇಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟವರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮವೈದ್ಯ ಶೆಲ್ಡನ್ ಪಿನ್ನೆಲ್ ಪ್ರಮುಖರು.

ಆಮ್ಲದ ಗುಣ, ಆಮ್ಲದ ತೊಡಕು

ಪಿನ್ನೆಲ್ ತಂಡ 2001ರಲ್ಲಿ ಹಂದಿಯ ಚರ್ಮದ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿತು. ಶುದ್ಧ ವಿಟಮಿನ್ ಸಿ, ಅಂದರೆ ಎಲ್-ಆಸ್ಕಾರ್ಬಿಕ್ ಆಮ್ಲ, ಒಳಗಿಳಿಯಬೇಕಾದರೆ ದ್ರಾವಣದ ಪಿಎಚ್ 3.5ಕ್ಕಿಂತ ಕೆಳಗಿರಬೇಕು. ಪ್ರಮಾಣ ಶೇ 20 ದಾಟಿದರೆ ಹೆಚ್ಚಿನ ಲಾಭವಿಲ್ಲ. ಒಮ್ಮೆ ತುಂಬಿಕೊಂಡದ್ದು ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಬೇಕು. 2005ರಲ್ಲಿ ಇದೇ ಗುಂಪು ವಿಟಮಿನ್ ಸಿ ಮತ್ತು ಇ ಮಿಶ್ರಣಕ್ಕೆ ಫೆರುಲಿಕ್ ಆಮ್ಲ ಸೇರಿಸಿ, ಬಿಸಿಲಿನ ವಿರುದ್ಧ ಸಿಗುವ ರಕ್ಷಣೆ ಸುಮಾರು ನಾಲ್ಕು ಪಟ್ಟಿನಿಂದ ಎಂಟು ಪಟ್ಟಿಗೆ ಏರುವುದನ್ನು ತೋರಿಸಿತು.

ತೊಡಕು ಇರುವುದೂ ಇಲ್ಲೇ. ಅಷ್ಟು ಹುಳಿಯಾದ ದ್ರಾವಣ ಸೂಕ್ಷ್ಮ ಚರ್ಮವನ್ನು ಉರಿಸುತ್ತದೆ. ನೀರು, ಗಾಳಿ, ಬೆಳಕು, ಶಾಖ ನಾಲ್ಕೂ ಆಸ್ಕಾರ್ಬಿಕ್ ಆಮ್ಲಕ್ಕೆ ವೈರಿಗಳು. ಆದ್ದರಿಂದ ರಸಾಯನತಜ್ಞರು ಅದರ ಅಣುವಿಗೆ ಬೇರೆ ಬೇರೆ ಗುಂಪುಗಳನ್ನು ಜೋಡಿಸಿ ಕಾಪಾಡಲು ಹೊರಟರು. ಫಾಸ್ಫೇಟ್ ಜೋಡಿಸಿದರೆ ಮೆಗ್ನೀಸಿಯಮ್ ಆಸ್ಕಾರ್ಬೈಲ್ ಫಾಸ್ಫೇಟ್, ಸಕ್ಕರೆ ಜೋಡಿಸಿದರೆ ಆಸ್ಕಾರ್ಬೈಲ್ ಗ್ಲುಕೋಸೈಡ್. ಇವೆರಡೂ ನೀರಿನಲ್ಲಿ ಕರಗುತ್ತವೆ, ಎರಡನ್ನೂ ಹೆಚ್ಚಾಗಿ ಬೆಳೆಸಿದ್ದು ಜಪಾನ್. 1996ರ ಜಪಾನಿ ಅಧ್ಯಯನವೊಂದರಲ್ಲಿ ಶೇ 10ರ ಫಾಸ್ಫೇಟ್ ಕ್ರೀಮ್ ಹಚ್ಚಿದ, ಬಂಗು ಅಥವಾ ವಯಸ್ಸಿನ ಕಲೆಯಿದ್ದ 34 ಮಂದಿಯಲ್ಲಿ 19 ಮಂದಿಗೆ ಕಲೆ ಗಣನೀಯವಾಗಿ ತಿಳಿಯಾಯಿತು.

ಕೊಬ್ಬಿನ ಹೊದಿಕೆ

ಚರ್ಮದ ಮೇಲ್ಪದರದಲ್ಲಿ ಕೋಶಗಳ ನಡುವೆ ತುಂಬಿರುವುದು ಕೊಬ್ಬು. ಎಣ್ಣೆಗೆ ಹೊಂದುವ ವಸ್ತು ಅಲ್ಲಿ ಸಲೀಸಾಗಿ ನುಗ್ಗಬಹುದು ಎಂಬುದೇ ಎರಡನೆಯ ದಾರಿಯ ತರ್ಕ. ಈ ದಾರಿಯಲ್ಲಿ ಮೊದಲು ಬಂದದ್ದು ಆಸ್ಕಾರ್ಬೈಲ್ ಪಾಲ್ಮಿಟೇಟ್. ಖಾದ್ಯ ತೈಲ ಕಮಟು ಹಿಡಿಯದಂತೆ ಬೆರೆಸುವ ಇ-304 ಇದೇ. ಆದರೆ ಇದರಲ್ಲಿ ಕೊಬ್ಬಿನಾಮ್ಲದ ಬಾಲ ಒಂದೇ. ಬೇಗ ಕೆಡುವ ಭಾಗಗಳು ಬಯಲಲ್ಲೇ ಉಳಿಯುವುದರಿಂದ ಬಾಳಿಕೆ ಹೆಚ್ಚಲಿಲ್ಲ. ಪಿನ್ನೆಲ್ ಪ್ರಯೋಗದಲ್ಲಿ ಇದು ಚರ್ಮದೊಳಗಿನ ವಿಟಮಿನ್ ಸಿ ಮಟ್ಟವನ್ನು ಏರಿಸಲಿಲ್ಲ. ನೇರಳಾತೀತ ಕಿರಣ ಬಿದ್ದಾಗ ಕೋಶಗಳಲ್ಲಿ ಕೊಬ್ಬು ಕೆಡುವುದನ್ನು ಇದು ಹೆಚ್ಚಿಸಬಹುದೆಂದು 2002ರ ಪ್ರಯೋಗಾಲಯದ ಅಧ್ಯಯನವೊಂದು ಎಚ್ಚರಿಸಿತು.

ಮುಂದಿನ ಹೆಜ್ಜೆಯಲ್ಲಿ ಅಣುವಿನ ನಾಲ್ಕೂ ಹೈಡ್ರಾಕ್ಸಿಲ್ ಗುಂಪುಗಳನ್ನು ಕವಲೊಡೆದ ಕೊಬ್ಬಿನಾಮ್ಲಗಳಿಂದ ಮುಚ್ಚಲಾಯಿತು. ಲೇಬಲ್ ಮೇಲೆ ಇದು ಟೆಟ್ರಾಹೆಕ್ಸೈಲ್‌ಡೆಸೈಲ್ ಆಸ್ಕಾರ್ಬೇಟ್ ಎಂದೂ ಆಸ್ಕಾರ್ಬೈಲ್ ಟೆಟ್ರಾಐಸೋಪಾಲ್ಮಿಟೇಟ್ ಎಂದೂ ಕಾಣುತ್ತದೆ. ಹೆಸರು ಎರಡು, ವಸ್ತು ಒಂದೇ. ಜಪಾನಿನ ನಿಕ್ಕೋ ಕೆಮಿಕಲ್ಸ್ ಇದನ್ನು ವಿಸಿ-ಐಪಿ ಎಂದು ಪರಿಚಯಿಸಿತು. ಇದಕ್ಕೆ ನೀರೂ ಬೇಡ, ಹುಳಿಯೂ ಬೇಡ. ಉರಿ ಕಡಿಮೆ, ಬಾಳಿಕೆ ಹೆಚ್ಚು.

ಇನ್ನು ಲೆಕ್ಕ. ಆಸ್ಕಾರ್ಬಿಕ್ ಆಮ್ಲದ ಅಣುತೂಕ 176, ಇದರದು ಸುಮಾರು 1,130. ಅಂದರೆ ಶೇ 10ರ ಸೀರಮ್‌ನಲ್ಲಿ ನಿಜವಾದ ವಿಟಮಿನ್ ಸಿ ಶೇ 1.6ರಷ್ಟು ಮಾತ್ರ. 500 ದಾಟಿದ ಅಣು ಚರ್ಮವನ್ನು ದಾಟುವುದು ಕಷ್ಟ ಎಂಬ ರೂಢಿಯ ಸೂತ್ರವನ್ನೂ ಇದು ಮೀರಿದೆ. ಒಳಗೆ ಹೋದ ಮೇಲೂ ಚರ್ಮದ ಕಿಣ್ವಗಳು ಹೊದಿಕೆಯನ್ನು ಕತ್ತರಿಸಿದರೆ ಮಾತ್ರ ವಿಟಮಿನ್ ಸಿ ಹೊರಬರುತ್ತದೆ.

ಪುರಾವೆ ಎಲ್ಲಿಗೆ ಬಂತು

2002ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಮತ್ತು ರೋಸ್ಟನ್ ಹತ್ತು ಮಂದಿಯ ಅರ್ಧ ಮುಖಕ್ಕೆ ವಿಟಮಿನ್ ಸಿ ಜೆಲ್, ಉಳಿದರ್ಧಕ್ಕೆ ಬರಿಯ ಜೆಲ್ ಹಚ್ಚಿಸಿದರು. 12 ವಾರಗಳಲ್ಲಿ ವಿಟಮಿನ್ ಬಿದ್ದ ಬದಿ ಸುಧಾರಿಸಿತು. ಆದರೆ ಆ ಜೆಲ್‌ನಲ್ಲಿ ಶೇ 7ರಷ್ಟು ಎಣ್ಣೆ ರೂಪದ ಜೊತೆಗೆ ಶೇ 10ರಷ್ಟು ಆಸ್ಕಾರ್ಬಿಕ್ ಆಮ್ಲವೂ ಇತ್ತು. ಗೆಲುವು ಯಾರದೆಂದು ಹೇಳಲಾಗದು. 2006ರ ಜಪಾನಿ ಅಧ್ಯಯನದಲ್ಲಿ ಶೇ 3ರ ವಿಸಿ-ಐಪಿ ಕ್ರೀಮ್ ಮೂರು ವಾರ ಹಚ್ಚಿದವರಿಗೆ ನೇರಳಾತೀತ ಕಿರಣದಿಂದ ಚರ್ಮ ಕಪ್ಪಾಗುವುದು ತಗ್ಗಿತು. 2021ರಲ್ಲಿ ಇನ್ನೊಂದು ತಿರುವು: ಉತ್ಕರ್ಷಣದ ಒತ್ತಡ ಬಿದ್ದಾಗ ಈ ಗಟ್ಟಿ ಅಣುವೂ ಬೇಗ ಒಡೆಯುತ್ತದೆ, ಶುಂಠಿಯ ಜಿಂಜರೋನ್‌ಗೆ ಹತ್ತಿರದ ಅಸಿಟೈಲ್ ಜಿಂಜರೋನ್ ಸೇರಿಸಿದರೆ ನಿಲ್ಲುತ್ತದೆ ಎಂಬ ವರದಿ ಬಂತು.

ನಮ್ಮ ನೆಲ್ಲಿಯ ಕವಲು

ಕರ್ನಾಟಕದಲ್ಲಿ ಈ ಕತೆಗೆ ಬೇರೆಯೇ ಕವಲಿದೆ. ಉತ್ತರ ಭಾರತದ ಹಿಸಾರ್‌ನಲ್ಲಿ 1939-40ರ ಬರಗಾಲದಲ್ಲಿ ಸ್ಕರ್ವಿಗೆ ಬೆಟ್ಟದ ನೆಲ್ಲಿಯನ್ನು ಕೊಟ್ಟು ಗುಣ ಕಂಡದ್ದರಿಂದ ಅದರ ಹೆಸರು ವಿಟಮಿನ್ ಸಿ ಜೊತೆ ಅಂಟಿಕೊಂಡಿತು. ಹಳೆಯ ಪೋಷಕಾಂಶ ಪಟ್ಟಿಯಲ್ಲಿ 100 ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ಎಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಲ್ಲಿ ಅದು 250ರ ಆಸುಪಾಸಿಗೆ ಇಳಿಯಿತು. ಮುಹಮ್ಮದ್ ಮಜೀದ್ ಸ್ಥಾಪಿಸಿದ ಬೆಂಗಳೂರಿನ ಸಾಮಿ ಲ್ಯಾಬ್ಸ್‌ನ ವಿಜ್ಞಾನಿಗಳು ಅದಕ್ಕೂ ಮೊದಲೇ, 2009ರಲ್ಲಿ, ನೆಲ್ಲಿಯ ವಿಟಮಿನ್ ಸಿ ಲೆಕ್ಕವನ್ನು ಕೆದಕಿದ್ದರು. ನೆಲ್ಲಿಯ ಶಕ್ತಿಗೆ ಬೀಟಾ-ಗ್ಲುಕೋಗ್ಯಾಲಿನ್‌ನಂಥ ವಸ್ತುಗಳು ಮುಖ್ಯ ಎಂಬುದು ಅವರ ನಿಲುವು. ಅದನ್ನೇ ಆಧರಿಸಿದ ನೆಲ್ಲಿಸಾರವನ್ನು ಆ ಕಂಪನಿ ಸೌಂದರ್ಯವರ್ಧಕಗಳಿಗೆಂದು ಮಾರುತ್ತಿದೆ. ಆದ್ದರಿಂದ ನೆಲ್ಲಿಸಾರದ ಕ್ರೀಮ್ ಬೇರೆ, ಎಣ್ಣೆಯಲ್ಲಿ ಕರಗುವ ವಿಟಮಿನ್ ಸಿ ಬೇರೆ.

ಕೊಳ್ಳುವವರಿಗೆ

ಒಟ್ಟಾರೆ ನೋಡಿದರೆ ಎಣ್ಣೆ ರೂಪ ಶೀಸೆಯ ಸಮಸ್ಯೆಯನ್ನು ಬಹುಮಟ್ಟಿಗೆ ಬಿಡಿಸಿದೆ, ಚರ್ಮದ ಸಮಸ್ಯೆಯನ್ನು ಪೂರ್ತಿ ಬಿಡಿಸಿಲ್ಲ. ಪುರಾವೆ ಹೆಚ್ಚಿರುವುದು ಇಂದಿಗೂ ಹುಳಿ ದ್ರಾವಣದ ಪರವಾಗಿಯೇ. ಆಮ್ಲ ಉರಿಯುವವರಿಗೆ, ಫ್ರಿಜ್ ಇಲ್ಲದ ಮನೆಗೆ, ಒಣ ಚರ್ಮಕ್ಕೆ ಎಣ್ಣೆ ರೂಪ ಒಪ್ಪುವ ಆಯ್ಕೆ. ಕೊಳ್ಳುವಾಗ ಮುಂಬದಿಯ ದೊಡ್ಡಕ್ಷರ ಬಿಟ್ಟು ಹಿಂಬದಿಯ ಪಟ್ಟಿ ಓದಿ. ಅಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುತ್ತದೆ. ವಿಟಮಿನ್ ಹೆಸರು ಸುವಾಸನೆಯ ಕೆಳಗಿದ್ದರೆ ದುಡ್ಡು ಉಳಿಸಿಕೊಳ್ಳಿ.

ಬಂಗಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಕ್ರೀಮ್‌ಗಳ ಬಗ್ಗೆ ಮಾತ್ರ ಎಚ್ಚರ. ಅಂಥ 14 ಔಷಧಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿದೆ. ಮೊದಲು ನೆರಳು, ತಲೆಗೆ ಬಟ್ಟೆ, ಸನ್‌ಸ್ಕ್ರೀನ್; ಆಮೇಲೆ ಚರ್ಮವೈದ್ಯರ ಸಲಹೆ; ಕೈಯಲ್ಲಿ ಹಣ ಉಳಿದರೆ ಸೀರಮ್. ಬಿಸಿಲು ತಡೆಯದೆ ಹಚ್ಚಿದ ಯಾವ ವಿಟಮಿನ್ ಸಿಯೂ ಬಂಗನ್ನು ಗೆಲ್ಲಲಾರದು.